ಓಆರ್‌ಎಸ್ ಕುಡಿಸಿದರೂ ಭೇದಿ ನಿಲ್ಲಲಿಲ್ಲ, ಮತ್ತೆ ಯಾಕೆ ಕೊಡಬೇಕು?

ಪ್ರಶ್ನೆ: ಎರಡು ವರ್ಷದ ಮಗಳಿಗೆ ನಿನ್ನೆಯಿಂದ ಭೇದಿ. ಓಆರ್‌ಎಸ್ ಕೊಡುತ್ತಿದ್ದೇನೆ, ಕಡಿಮೆಯಾಗಿಲ್ಲ. ನೀರು ಕೊಟ್ಟಷ್ಟೂ ಜಾಸ್ತಿ ಆಗುತ್ತೆ, ನಿಲ್ಲಿಸು ಅಂತಾರೆ ಅತ್ತೆ. ಏನು ಮಾಡಲಿ?

ಉತ್ತರ: ನಿಲ್ಲಿಸಬೇಡಿ. ಅತ್ತೆಯವರನ್ನು ದೂರಲೂಬೇಡಿ. ಕುಡಿಸಿದ್ದೆಲ್ಲ ಕಣ್ಣೆದುರೇ ಹೊರಗೆ ಹೋಗುತ್ತಿದ್ದರೆ ಯಾರಿಗಾದರೂ ಹಾಗನಿಸುತ್ತದೆ, ಅಲ್ವಾ? ಆದರೆ ಉಪ್ಪು, ಗ್ಲೂಕೋಸ್ ಬೆರೆತ ಓಆರ್‌ಎಸ್ ನೀರು ಭೇದಿ ನಿಲ್ಲಿಸುವ ಔಷಧವೇ ಅಲ್ಲ. ಸಾಮಾನ್ಯವಾಗಿ ಭೇದಿ ಕೆಲವು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಮೈಯಿಂದ ಹೋದ ನೀರು, ಉಪ್ಪನ್ನು ತುಂಬಿಸಿಕೊಡುವುದಷ್ಟೇ ಇದರ ಕೆಲಸ. ಕರುಳು ಕೆಟ್ಟಾಗಲೂ ಒಂದು ದಾರಿ ತೆರೆದಿರುತ್ತದೆ: ಗ್ಲೂಕೋಸ್ ಒಳಗೆ ಹೋಗುವಾಗ ಉಪ್ಪನ್ನೂ ಎಳೆದುಕೊಂಡು ಹೋಗುತ್ತದೆ, ಉಪ್ಪಿನ ಹಿಂದೆ ನೀರು.

1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿ ಸಾಲದೆ ಬಂದಾಗ ಡಾ. ದಿಲೀಪ್ ಮಹಲನೋಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ನಿಮ್ಮ ಮನೆಯ ಈ ವಾದ ಬಾಂಗ್ಲಾದೇಶದ ಹಳ್ಳಿಗಳಲ್ಲೂ ನಡೆದದ್ದೇ. 1980ರ ದಶಕದಲ್ಲಿ ಅಲ್ಲಿನ ಬ್ರಾಕ್ ಸಂಸ್ಥೆಯ ಹೆಂಗಸರು ಮನೆಮನೆಗೆ ಹೋಗಿ ಕಲಿಸಿದರು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಹತ್ತು ವರ್ಷದಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆ ಮುಟ್ಟಿದರು. ತಾಯಂದಿರಿಗೆ ಎಷ್ಟು ನೆನಪುಳಿದಿದೆ ಅಂತ ಆಮೇಲೆ ಬಂದು ಕೇಳಿ, ಕಲಿಸಿದವಳ ಸಂಬಳ ಲೆಕ್ಕ ಹಾಕುತ್ತಿದ್ದರು! ನೆನಪೇನೋ ಇತ್ತು. ಮೊದಮೊದಲು ಬಳಸುವವರೇ ಕಡಿಮೆ. ವಿಚಾರಿಸಿದರೆ, ಕಲಿಸುವವರಿಗೇ ಅದರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಇನ್ನೊಂದು ತೊಡಕು ಮಾತಿನದು. ಅಲ್ಲಿನವರು ಭೇದಿಗೆ ನಾಲ್ಕು ಹೆಸರಿಟ್ಟಿದ್ದರು. ‘ಡಯರಿಯಾ’ ಅಂದರೆ ನೀರಿನಂತೆ ಹೋಗುವ ಜೋರು ಭೇದಿ ಮಾತ್ರ. ಉಳಿದವಕ್ಕೆ ಈ ನೀರು ಯಾಕೆ ಅಂತ ಬಿಟ್ಟುಬಿಟ್ಟಿದ್ದರು. ನಮ್ಮಲ್ಲೂ ‘ಹಲ್ಲು ಬರೋ ಭೇದಿ’ ಅಂತ ಸುಮ್ನೆ ಬಿಡುವವರಿದ್ದಾರೆ. ಅದಕ್ಕೂ ಓಆರ್‌ಎಸ್ ಬೇಕು.

ಈಗ ನಿಮ್ಮ ಮಗಳ ವಿಷಯ. ಪೊಟ್ಟಣದ ಮೇಲೆ 1 ಲೀಟರ್ ಅಂತಿದ್ದರೆ ಪೂರ್ತಿ ಪುಡಿಯನ್ನು ಒಂದು ಲೀಟರ್ ಕುಡಿಯುವ ನೀರಿಗೇ ಕಲಸಿ. ಲೋಟಕ್ಕೆ ಒಂದಿಷ್ಟು ಅಂದಾಜಿನಲ್ಲಿ ಉದುರಿಸಬೇಡಿ, ಉಪ್ಪು ಜಾಸ್ತಿಯಾದರೆ ಅಪಾಯ. 24 ಗಂಟೆಯಲ್ಲಿ ಮುಗಿಯದಿದ್ದರೆ ಚೆಲ್ಲಿ. ಒಂದೊಂದು ಸಲ ಭೇದಿಯಾದ ಮೇಲೂ ಅರ್ಧದಿಂದ ಒಂದು ಲೋಟ, ಚಮಚದಲ್ಲಿ ನಿಧಾನಕ್ಕೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಊಟ, ಎದೆಹಾಲು ನಿಲ್ಲಿಸಬೇಡಿ. ಜಿಂಕ್ ಮಾತ್ರೆ ಈ ವಯಸ್ಸಿಗೆ ದಿನಕ್ಕೆ 20 ಮಿ.ಗ್ರಾಂ., 14 ದಿನ. ಭೇದಿ ನಿಂತರೂ ಪೂರ್ತಿ ಕೊಡಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಓಆರ್‌ಎಸ್, ಜಿಂಕ್ ಎರಡೂ ಸಿಗುತ್ತವೆ. ಅಂಗಡಿಯ ಸಿಹಿ ಹಣ್ಣಿನ ಪಾನೀಯ ಇದಕ್ಕೆ ಬದಲಿಯಲ್ಲ. ಅಂಥವುಗಳ ಮೇಲೆ ಓಆರ್‌ಎಸ್ ಅಂತ ಬರೆಯುವುದನ್ನು 2025ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ತಡೆಯಿತು.

ಕಣ್ಣು ಗುಳಿ ಬಿದ್ದರೆ, ಉಚ್ಚೆ ತೀರಾ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲೊಲ್ಲದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಎಚ್ಚರವಿದ್ದು ನುಂಗುತ್ತಿದ್ದರೆ ದಾರಿಯಲ್ಲೂ ಚಮಚ ಚಮಚ ಕುಡಿಸುತ್ತಿರಿ.