ಸಲಗದ ಮದದಲ್ಲಿ ಅದರ ವಯಸ್ಸಿದೆ

ಗಂಡಾನೆಯ ಕಣ್ಣಿಗೂ ಕಿವಿಗೂ ನಡುವೆ ಒಂದು ಗ್ರಂಥಿಯಿದೆ. ಅದು ಊದಿಕೊಂಡು ಕೆನ್ನೆಯ ಮೇಲೆ ಕಪ್ಪು ಗೆರೆ ಇಳಿಯತೊಡಗಿದರೆ ದುಬಾರೆ, ಮತ್ತಿಗೋಡು ಆನೆ ಶಿಬಿರಗಳ ಮಾವುತರಿಗೆ ವಿಷಯ ಗೊತ್ತಾಗುತ್ತದೆ: ಮದ ಬಂದಿದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹಲವು ಪಟ್ಟು ಏರಿರುತ್ತದೆ.

ಮದಜಲಕ್ಕೆ ದುಂಬಿ ಮುತ್ತುವ ವರ್ಣನೆ ನಮ್ಮ ಹಳೆಯ ಕಾವ್ಯಗಳಲ್ಲಿ ಮತ್ತೆಮತ್ತೆ ಬರುತ್ತದೆ. ಕವಿಸಮಯ ಎಂದು ಓದಿ ಮುಂದೆ ಹೋಗುತ್ತೇವೆ. ಆದರೆ ಹರೆಯಕ್ಕೆ ಕಾಲಿಡುವ ಏಷ್ಯಾದ ಗಂಡಾನೆಗಳ ಮದ ನಿಜಕ್ಕೂ ಜೇನಿನಂತೆ ಘಮಘಮಿಸುತ್ತದೆ ಎಂದು ಸಂಶೋಧಕರಾದ ರಾಸ್ಮುಸೆನ್, ರಿಡಲ್ ಮತ್ತು ತಮಿಳುನಾಡಿನ ಆನೆ ವೈದ್ಯ ಕೃಷ್ಣಮೂರ್ತಿ 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಬೆಳೆದ ಸಲಗದ ಮದವಾದರೋ ಗಬ್ಬು ನಾತ. ಅದರಲ್ಲಿ ಫ್ರಾಂಟಾಲಿನ್ ಎಂಬ ರಾಸಾಯನಿಕವಿದೆ. ಮರದ ತೊಗಟೆ ಕೊರೆಯುವ ಕೆಲವು ಜೀರುಂಡೆಗಳೂ (ಬೀಟಲ್) ಇದನ್ನೇ ಬಳಸುತ್ತವೆ! ಎಡಗೈ ಬಲಗೈಗಳ ಹಾಗೆ ಇದಕ್ಕೆ ಎರಡು ಕನ್ನಡಿ ರೂಪಗಳು. ಎಳೆಯ ಗಂಡಿನಲ್ಲಿ ಒಂದು ರೂಪ ಹೆಚ್ಚು. ವಯಸ್ಸಾದಂತೆ ಎರಡೂ ಸಮವಾಗುತ್ತ ಬರುತ್ತವೆ. ಸಮಪಾಕದ ವಾಸನೆ ಸಿಕ್ಕರೆ ಬೆದೆ ಹತ್ತಿರವಾದ ಹೆಣ್ಣು ಬಳಿಗೆ ಬರುತ್ತದೆ, ಬಸುರಿ ಆನೆಗಳೂ ಉಳಿದ ಗಂಡುಗಳೂ ದೂರ ಸರಿಯುತ್ತವೆ.

ಸಲಗವೊಂದು ಇಷ್ಟನ್ನೆಲ್ಲ ಗಾಳಿಯಲ್ಲೇ ಸಾರುತ್ತದೆ ಎಂದಾದರೆ, ಅದನ್ನು ಕಾಡಿನಿಂದ ತೆಗೆದಾಗ ಆ ಸುದ್ದಿಯೂ ನಿಂತುಹೋಗುತ್ತದೆ. ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ರಾಷ್ಟ್ರೀಯ ಉದ್ಯಾನದಲ್ಲಿ ಹಿರಿಯರಿಲ್ಲದೆ ಬೆಳೆದ ಗಂಡಾನೆಗಳಿಗೆ ಚಿಕ್ಕ ವಯಸ್ಸಿನಲ್ಲೇ, ದೀರ್ಘಕಾಲ ಮದ ಬಂದಿತು. 1992ರಿಂದ 1997ರ ನಡುವೆ ಅವು 40ಕ್ಕೂ ಹೆಚ್ಚು ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಅದೇ ದೇಶದ ಕ್ರೂಗರ್ ಉದ್ಯಾನದಿಂದ 6 ಹಿರಿಯ ಸಲಗಗಳನ್ನು ತಂದು ಬಿಟ್ಟ ಮೇಲೆ ಎಳೆಯವುಗಳ ಮದ ತಗ್ಗಿತು, ಕೊಲೆ ನಿಂತಿತು. ಅವು ಆಫ್ರಿಕಾದ ಜಾತಿಯ ಆನೆಗಳು, ನಮ್ಮವಲ್ಲ. ಆದರೂ ಹಿರಿಯ ಸಲಗವನ್ನು ಹಿಡಿದು ತೆಗೆದರೆ ಉಳಿದ ಎಳೆಯ ಗಂಡುಗಳ ಗತಿಯೇನು ಎಂಬುದು ಕೊಡಗಿನಲ್ಲಿ ಗಂಭೀರವಾಗಿ ಎತ್ತಬೇಕಾದ ಪ್ರಶ್ನೆ.

ಕಾಫಿ ತೋಟದ ಲೈನ್ ಮನೆಯಿಂದ ಬೆಳಿಗ್ಗೆ ಕೆಲಸಕ್ಕೆ ಹೊರಡುವವರ ಜೀವಕ್ಕಿಂತ ಯಾವುದೂ ದೊಡ್ಡದಲ್ಲ. ಜನರನ್ನು ಕೊಂದ ಆನೆಯನ್ನು ಹಿಡಿಯಲೇಬೇಕಾಗುತ್ತದೆ. ಹಿಡಿಯುವ ಮುನ್ನ ಅದರ ವಯಸ್ಸೆಷ್ಟು, ಅದೇ ಕಾಡಿನಲ್ಲಿ ಇನ್ನೆಷ್ಟು ಹಿರಿಯ ಗಂಡುಗಳು ಉಳಿದಿವೆ, ಎಳೆಯ ಗಂಡುಗಳೆಷ್ಟು ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. ಲದ್ದಿಯಲ್ಲೇ ಹಾರ್ಮೋನಿನ ಗುರುತು ಅಳೆಯಬಹುದು, ಆನೆಯನ್ನು ಮುಟ್ಟುವುದೂ ಬೇಡ. ಆ ಲದ್ದಿ ಕೊಡಗಿನ ತೋಟಗಳಲ್ಲಿ ಕಾಫಿ ಗಿಡಗಳ ನಡುವೆಯೇ ಸಿಗುತ್ತದೆ.