ಡಿಸೆಂಬರ್ 19ರ ರಜೆ ಯಾರ ನೆನಪಿಗೆ?

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು, ವಾಸ್ಕೋದಲ್ಲಿ ನೆಲೆಸಿದ್ದೇವೆ. ಆಗಸ್ಟ್ 15 ಮತ್ತು ಜನವರಿ 26 ಇರುವಾಗ ಗೋವಾದಲ್ಲಿ ಡಿಸೆಂಬರ್ 19ರಂದು ಮತ್ತೆ ಧ್ವಜ ಹಾರಿಸಿ ರಜೆ ಕೊಡುವುದೇಕೆ? ಅದು 1971ರ ಯುದ್ಧದ ವಿಜಯ ದಿನವೇ, ಅಥವಾ ಸೈನಿಕರ ದಿನವೇ?

ಉತ್ತರ: 1971ರ ಯುದ್ಧದಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದದ್ದು ಡಿಸೆಂಬರ್ 16ರಂದು, ವಿಜಯ ದಿವಸವೆಂದು ಆಚರಿಸುವುದು ಅದನ್ನೇ. ಡಿಸೆಂಬರ್ 19 ಗೋವಾ ವಿಮೋಚನಾ ದಿನ. ಎರಡರ ನಡುವೆ ಮೂರೇ ದಿನಗಳ ಅಂತರವಿರುವುದರಿಂದಲೂ, ಗೋವಾದ ಕಾರ್ಯಾಚರಣೆಗೂ 1999ರ ಕಾರ್ಗಿಲ್ ಕಾರ್ಯಾಚರಣೆಗೂ 'ಆಪರೇಷನ್ ವಿಜಯ್' ಎಂಬ ಒಂದೇ ಹೆಸರಿರುವುದರಿಂದಲೂ ಈ ಗೊಂದಲ ಸಹಜವೇ.

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗಲೂ, 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗಲೂ ಪಣಜಿಯಲ್ಲಿ ಹಾರುತ್ತಿದ್ದದ್ದು ಪೋರ್ಚುಗೀಸರ ಬಾವುಟ. 1510ರಲ್ಲಿ ಆರಂಭವಾದ ಅವರ ಆಳ್ವಿಕೆ ಕೊನೆಗೊಂಡದ್ದು 1961ರಲ್ಲಿ. ಹಾಗಾಗಿ ಉಳಿದ ದೇಶಕ್ಕೆ ಅಷ್ಟು ಹೊತ್ತಿಗೆ ಹಳತಾಗಿದ್ದ ಆ ಎರಡು ಹಬ್ಬಗಳು ಗೋವಾದ ಜನರಿಗೆ ತಮ್ಮವಾದದ್ದೇ ಡಿಸೆಂಬರ್ 19ರಿಂದ. ಈ ಮೂರನೆಯ ರಜೆಯನ್ನು ಹೆಚ್ಚುವರಿ ಎಂದು ನೋಡುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ.

ಆ ದಿನಕ್ಕೆ ಕಾರಣರಾದವರು ಸೈನಿಕರಷ್ಟೇ ಅಲ್ಲ. 1946ರ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಅವರು ನಿಷೇಧವನ್ನು ಮುರಿದು ಸಭೆ ನಡೆಸಿದ್ದರಿಂದ ಜನರ ಹೋರಾಟಕ್ಕೆ ಕಸುವು ಬಂತು. 1955ರ ಆಗಸ್ಟ್ 15ರಂದು ಗಡಿ ದಾಟಿ ಬಂದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಪೆಡ್ನೆ ತಾಲೂಕಿನ ಪತ್ರಾದೇವಿಯಲ್ಲಿ ಆ ಹುತಾತ್ಮರ ಸ್ಮಾರಕವಿದೆ.

ಸೇನೆಯ ಪಾಲಿನ ಕಥೆ ಕನ್ನಡಿಗರಿಗೆ ಬಹಳ ಹತ್ತಿರದ್ದು. ಆಡಳಿತದಲ್ಲಿ ಗೋವಾಕ್ಕೆ ಸೇರಿದ್ದರೂ ಅಂಜುದೀವ ದ್ವೀಪ ಇರುವುದು ಕಾರವಾರದ ಕಣ್ಣೆದುರಿನ ಕಡಲಿನಲ್ಲಿ. 1961ರ ನವೆಂಬರ್‌ನಲ್ಲಿ ಅಲ್ಲಿನ ಪೋರ್ಚುಗೀಸ್ ಕಾವಲುಪಡೆ 'ಸಾಬರ್ಮತಿ' ಎಂಬ ಹಡಗಿನ ಮೇಲೆ ಗುಂಡು ಹಾರಿಸಿತು. ಕೆಲವೇ ದಿನಗಳಲ್ಲಿ ಒಬ್ಬ ಮೀನುಗಾರನೂ ಅವರ ಗುಂಡಿಗೆ ಬಲಿಯಾದ. ಡಿಸೆಂಬರ್ ಹೊತ್ತಿಗೆ ನಮ್ಮ ಸೇನೆ ಬೆಳಗಾವಿಯ ಸುತ್ತ ಜಮಾಯಿಸಿತ್ತು. ಡಿಸೆಂಬರ್ 18ರ ಬೆಳಿಗ್ಗೆ ಭೂಸೇನೆ ಗಡಿ ದಾಟುತ್ತಿದ್ದಾಗ, ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು ಹಡಗುಗಳ ನಾವಿಕರ ತುಕಡಿ ಅಂಜುದೀವದಲ್ಲಿ ಇಳಿಯಿತು. ದ್ವೀಪದವರು ಬಿಳಿ ಬಾವುಟ ತೋರಿಸಿ ಆಮೇಲೆ ಗುಂಡು ಹಾರಿಸಿದರೆಂಬುದು ನೌಕಾಪಡೆಯ ದಾಖಲೆಯ ಮಾತು. ಅಲ್ಲಿ ಏಳು ಮಂದಿ ನಾವಿಕರು ಪ್ರಾಣ ತೆತ್ತರು. ಅವರ ನೆನಪಿನ ಸ್ಮಾರಕವಿರುವುದು ಗೋವಾದ ಐಎನ್‌ಎಸ್ ಗೋಮಾಂತಕ ನೆಲೆಯಲ್ಲಿ. ದ್ವೀಪ ಈಗ ಕಾರವಾರದ ನೌಕಾನೆಲೆಯ ಭದ್ರತಾ ವಲಯದೊಳಗಿರುವುದರಿಂದ ಜನಸಾಮಾನ್ಯರಿಗೆ ಪ್ರವೇಶವಿಲ್ಲ.

19ರ ಬೆಳಿಗ್ಗೆ ಸೈನ್ಯ ಪಣಜಿಯನ್ನು ಹೊಕ್ಕಿತು. ಕಡೆಯ ಉಸಿರಿನವರೆಗೆ ಹೋರಾಡಬೇಕೆಂದು ಲಿಸ್ಬನ್‌ನಿಂದ ಪೋರ್ಚುಗಲ್‌ನ ಪ್ರಧಾನಿ ಸಲಾಜಾರ್ ಕಳಿಸಿದ್ದ ಆಜ್ಞೆಯನ್ನು ಬದಿಗಿಟ್ಟು ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಅದೇ ರಾತ್ರಿ ಶರಣಾಗತಿಗೆ ಸಹಿ ಹಾಕಿದರು. ಅದು ನಡೆದದ್ದು ನೀವಿರುವ ವಾಸ್ಕೋದಲ್ಲೇ.

ಬರೀ ಸೈನಿಕರಿಗೆ ಮೀಸಲಾದ ದಿನಗಳು ಬೇರೆಯೇ ಇವೆ. 1949ರ ಜನವರಿ 15ರಂದು ಕೊಡಗಿನ ಕೆ. ಎಂ. ಕಾರ್ಯಪ್ಪ ಅವರು ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ನೆನಪಿಗೆ ಆ ತಾರೀಖು ಸೇನಾ ದಿನವಾಗಿದೆ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಅಂದು ಅಂಗಿಗೆ ಅಂಟಿಸಿಕೊಳ್ಳಲು ಕೊಡುವ ಪುಟ್ಟ ಚೀಟಿಯಲ್ಲಿರುವ ಕೆಂಪು ಭೂಸೇನೆಯದು, ಕಡುನೀಲಿ ನೌಕಾಪಡೆಯದು, ತಿಳಿನೀಲಿ ವಾಯುಪಡೆಯದು. ಚೀಟಿಯ ಬದಲಿಗೆ ಪಡೆಯುವ ಹಣ ಮಾಜಿ ಸೈನಿಕರು, ಹುತಾತ್ಮರ ಪತ್ನಿಯರು ಮತ್ತು ಅವರ ಮಕ್ಕಳ ನೆರವಿಗೆ ಹೋಗುತ್ತದೆ. ಎರಡೂ ದಿನ ಶಾಲೆಗೆ ರಜೆಯಿಲ್ಲದ ಕಾರಣ ಮಕ್ಕಳಿಗೆ ಅವುಗಳ ಅರಿವೂ ಕಡಿಮೆ. ಡಿಸೆಂಬರ್ 7 ದಾಟಿದ್ದರೂ ಚಿಂತೆಯಿಲ್ಲ. ಧ್ವಜ ದಿನದ ನಿಧಿಗೆ ವರ್ಷದ ಯಾವ ದಿನವಾದರೂ ದೇಣಿಗೆ ಕೊಡಬಹುದು.