ಮರಳಿನ ಮೇಲೊಂದು ದಾರ

ಅಮೆರಿಕದ ಮ್ಯಾಸಚೂಸೆಟ್ಸ್ ಕಡಲತೀರದಲ್ಲಿ ಪ್ರತಿವರ್ಷ ಬೇಸಿಗೆಗೆ ಮುಂಚೆಯೇ ಬೇಲಿ ಏಳುತ್ತದೆ. ಬೇಲಿ ಅಂದರೆ ಕೆಲವು ಗೂಟ, ಅವುಗಳ ನಡುವೆ ದಾರ, ಅಲ್ಲಲ್ಲಿ ಒಂದು ಫಲಕ. ಮಗು ಕೂಡ ಬಗ್ಗಿ ನುಸುಳಬಹುದು. ಅದರೊಳಗೆ ಪೈಪಿಂಗ್ ಪ್ಲವರ್ ಎಂಬ ಪುಟ್ಟ ಹಕ್ಕಿ ಮೊಟ್ಟೆ ಇಡುತ್ತದೆ. ಆ ದಾರ ಉಳಿಯಬೇಕಾದರೆ ಜಾಗದ ಮಾಲೀಕರು ಮನಸ್ಸು ಮಾಡಬೇಕು.

ಯಾಕೆಂದರೆ ಅಲ್ಲಿನ ತೀರವೆಲ್ಲ ಸರ್ಕಾರದ್ದಲ್ಲ. 1640ರ ದಶಕದ ವಸಾಹತು ಕಾಲದ ಕಾನೂನು, ಇಳಿತದಲ್ಲಿ ನೀರು ನಿಲ್ಲುವ ಗೆರೆಯವರೆಗಿನ ಮರಳನ್ನೂ ಪಕ್ಕದ ಜಮೀನಿನವರಿಗೆ ಕೊಟ್ಟಿತು. ಉಬ್ಬರ ಇಳಿತದ ನಡುವಿನ ಆ ಜಾಗದಲ್ಲಿ ಉಳಿದ ಜನರಿಗೆ ಸಿಕ್ಕಿದ್ದು ಮೀನು ಹಿಡಿಯುವ, ದೋಣಿ ನಡೆಸುವ, ಹಕ್ಕಿ ಬೇಟೆಯಾಡುವ ಹಕ್ಕು ಮಾತ್ರ. ಆ ಕಾನೂನು ಇವತ್ತಿಗೂ ಜಾರಿಯಲ್ಲಿದೆ.

ಮೊದಲ ಕಂಟಕ ಬಂದೂಕಿನಿಂದ ಬಂತು. ಮಾಂಸಕ್ಕೆ, ಟೋಪಿಯ ಗರಿಗೆ ಅಂತ ತೀರದ ಹಕ್ಕಿಗಳನ್ನು ಲೆಕ್ಕವಿಲ್ಲದೆ ಕೊಂದರು. 1896ರಲ್ಲಿ ಬಾಸ್ಟನ್‌ನ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಗೆಳತಿಯರನ್ನು ಸೇರಿಸಿ, ಗರಿಯ ಟೋಪಿ ಬಿಡಿಸಲು ಹೊರಟರು. ಮ್ಯಾಸ್ ಆಡುಬಾನ್ ಸಂಸ್ಥೆ ಹುಟ್ಟಿದ್ದು ಹಾಗೆ. 1918ರ ವಲಸೆ ಹಕ್ಕಿಗಳ ಕಾನೂನು ಬೇಟೆಗೆ ಕಡಿವಾಣ ಹಾಕಿತು. ಹಕ್ಕಿಗಳು ಚೇತರಿಸಿಕೊಂಡವು.

ಎರಡನೇ ಮಹಾಯುದ್ಧದ ನಂತರ ತೀರದುದ್ದಕ್ಕೂ ರಜೆಯ ಮನೆಗಳು ಎದ್ದವು. ಈ ಸಲ ಯಾರಿಗೂ ಹಕ್ಕಿಯ ಮೇಲೆ ದ್ವೇಷವಿರಲಿಲ್ಲ. ಸುಮ್ನೆ ನಡೆಯಲು, ನಾಯಿ ಆಡಿಸಲು, ಗಾಳಿಪಟ ಹಾರಿಸಲು ಬಂದವರು ಅಷ್ಟೆ. ನನಗೆ ಈ ಇಡೀ ಕಥೆಯಲ್ಲಿ ಅತಿ ನೋವಿನ ಭಾಗ ಇದೇ.

ಪ್ಲವರ್ ಗೂಡು ಕಟ್ಟುವುದಿಲ್ಲ. ಮರಳಲ್ಲಿ ಒಂದು ಸಣ್ಣ ಕುಳಿ ಮಾಡಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಅವೂ ಮರಳಿನ ಬಣ್ಣದವೇ. ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ. ಜನ ಹತ್ತಿರ ಬಂದರೆ ಹಕ್ಕಿ ಎದ್ದು ಓಡುತ್ತದೆ, ರೆಕ್ಕೆ ಮುರಿದಂತೆ ನಟಿಸುತ್ತದೆ. ಅಷ್ಟು ಹೊತ್ತು ಮೊಟ್ಟೆಗಳು ಬಿಸಿಲಲ್ಲಿ ಬೇಯುತ್ತವೆ. ಸುಮಾರು ನಾಲ್ಕು ವಾರ ಕಾವು. ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ನಡೆಯುತ್ತವೆ, ಆದರೆ ಹಾರಲು ಇನ್ನೂ ಸುಮಾರು ನಾಲ್ಕು ವಾರ ಬೇಕು. ಅಪ್ಪ ಅಮ್ಮ ಗುಟುಕು ಕೊಡುವುದಿಲ್ಲ. ಹುಳ ಹುಡುಕಲು ಮರಿಗಳೇ ನೀರಂಚಿಗೆ ಓಡಬೇಕು. ಜನ ನಡೆಯುವುದೂ ಅಲ್ಲೇ ಅಲ್ವಾ? ಹೆದರಿದ ಮರಿ ಅಲುಗಾಡದೆ ಕೂತುಬಿಡುತ್ತದೆ. ಜೀಪಿನ ಗಾಲಿಯ ಜಾಡಿನಲ್ಲಿ ಕೂತರೆ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ.

1986ರಲ್ಲಿ ಈ ಹಕ್ಕಿಯನ್ನು ಅಳಿವಿನಂಚಿನ ಜೀವಿಗಳ ಕಾನೂನಿನಡಿ ತಂದಾಗ ರಾಜ್ಯದಲ್ಲಿ 150 ಜೋಡಿಯೂ ಇರಲಿಲ್ಲ. ಹಕ್ಕಿಗೆ ತೊಂದರೆಯಾದರೆ ಮಾಲೀಕರೂ ಹೊಣೆ ಹೊರಬೇಕಾಗಬಹುದು. ಆದರೆ ಹೆದರಿಸಿ ಎಷ್ಟು ದಿನ ಬೇಲಿ ಉಳಿಸಲಾದೀತು? ವರ್ಷಕ್ಕೆ ಸಿಗುವುದೇ ಕೆಲವು ವಾರದ ಬೇಸಿಗೆ. ನಮ್ಮ ಮರಳಿಗೆ ನಾವೇ ಹೋಗಬಾರದಾ ಎಂಬ ಸಿಟ್ಟು ಸುಳ್ಳಲ್ಲ.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಮಾಲೀಕರ ಮನೆ ಬಾಗಿಲಲ್ಲಿ. 1980ರ ದಶಕದಿಂದ ಮ್ಯಾಸ್ ಆಡುಬಾನ್ ಇದಕ್ಕೆಂದೇ ಕಾರ್ಯಕ್ರಮ ನಡೆಸುತ್ತಿದೆ. ಮೊಟ್ಟೆ ಎಲ್ಲಿದೆ, ಮರಿ ಯಾವಾಗ ಹೊರಬರಬಹುದು, ಓಡಾಡುವ ದಾರಿಯನ್ನು ಎಷ್ಟು ಸರಿಸಿದರೆ ಸಾಕು ಎಂಬುದನ್ನು ಮಾಲೀಕರ ಜೊತೆ ಕೂತು ಮಾತಾಡಬೇಕು. 1990ರ ದಶಕದ ಮಾರ್ಗಸೂಚಿಗಳು ಮೊಟ್ಟೆಯ ಸುತ್ತ ಸುಮಾರು 50 ಗಜ ಬಿಡಲು ಹೇಳಿದವು. ಮರಿ ಹಾರಿದ ಮೇಲೆ ಆ ಜಾಗ ಮತ್ತೆ ತೆರೆಯುತ್ತದೆ. ನನ್ನ ಪ್ರಕಾರ ನಂಬಿಕೆ ಬೆಳೆಸುವುದು ಈ ಕೊನೆಯ ಮಾತು. ಮುಚ್ಚಿದ್ದು ತೆರೆಯುತ್ತದೆ ಅಂತ ಗೊತ್ತಿದ್ದರೆ ಮುಂದಿನ ವರ್ಷವೂ ಒಪ್ಪುವುದು ಸುಲಭ.

ಈಗ ರಾಜ್ಯದಲ್ಲಿ 1,000ಕ್ಕೂ ಹೆಚ್ಚು ಜೋಡಿಗಳಿವೆ. ಹಕ್ಕಿ ಜಾಸ್ತಿಯಾದಂತೆ ಮುಚ್ಚುವ ಜಾಗವೂ ಜಾಸ್ತಿಯಾಗಿ, ಹಳೆಯ ಸಿಟ್ಟು ಮರಳಿತು. 2016ರಲ್ಲಿ ರಾಜ್ಯ ಹೊಸ ಯೋಜನೆ ತಂದಿತು. ಕೆಲವು ತೀರಗಳಲ್ಲಿ ನಿಯಮ ಸ್ವಲ್ಪ ಸಡಿಲಿಸಿ, ಅದಕ್ಕೆ ಬದಲಾಗಿ ಮೊಟ್ಟೆ ಮರಿ ತಿನ್ನುವ ಪ್ರಾಣಿಗಳನ್ನು ತಡೆಯುವಂಥ ಕೆಲಸಕ್ಕೆ ನೆರವು ಪಡೆಯುತ್ತಾರೆ. ಹಾಗೆ ಸಡಿಲಿಸಿದ ಕಡೆ, ಮರಿಗಳಿರುವ ಜಾಗ ದಾಟುವಾಗ ವಾಹನಗಳ ಜೊತೆ ಕಾವಲಿನವರು ಇರುತ್ತಾರೆ, ಗಾಲಿಯ ಜಾಡಿನಲ್ಲಿ ಮರಿ ಕೂತಿದೆಯಾ ಅಂತ ನೋಡಲು.